ಹವಾಗುಣ ಬದಲಾವಣೆಯ ಪಾಠ ಕೇಳಿ ಮಕ್ಕಳು ಕುಗ್ಗುತ್ತಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು 14ರಿಂದ 16 ವರ್ಷದ ಮಕ್ಕಳಿಗೆ ವಿಜ್ಞಾನ ಕಲಿಸುವ ಶಿಕ್ಷಕಿ. ಈ ಸಲ ಹವಾಗುಣ ಬದಲಾವಣೆಯ ಪಾಠವನ್ನು ಪ್ರವಾಹ, ಕಾಳ್ಗಿಚ್ಚು, ಕರಗುವ ಹಿಮದ ಒಂದು ವಿಡಿಯೊ ತೋರಿಸಿ ಶುರು ಮಾಡಿದೆ. ಮುಗಿಯುವಾಗ ಒಬ್ಬ ಹುಡುಗಿ ಎದ್ದು ನಿಂತು, ‘ಹಂಗಾದ್ರೆ ನಾವು ಓದಿ ಏನ್ ಉಪಯೋಗ ಮಿಸ್?’ ಅಂದಳು. ಇನ್ನೊಬ್ಬ ಹುಡುಗ, ‘ಇದೆಲ್ಲ ಮೊದಲಿಂದ್ಲೂ ಆಗ್ತಿತ್ತಂತೆ, ಅಪ್ಪ ಹೇಳಿದ್ರು’ ಅಂದ. ಟೆಸ್ಟ್‌ನಲ್ಲಿ ಅರ್ಧದಷ್ಟು ಮಕ್ಕಳು ಓಝೋನ್ ಪದರದ ತೂತಿನಿಂದ ಬಿಸಿಲು ಒಳಗೆ ನುಗ್ಗಿ ಭೂಮಿ ಬಿಸಿಯಾಗುತ್ತಿದೆ ಎಂದೇ ಬರೆದಿದ್ದಾರೆ. ಸೋಡಾ-ವಿನೆಗರ್ ಬಾಟಲಿಯ ಪ್ರಯೋಗ ಒಂದು ಸೆಕ್ಷನ್‌ನಲ್ಲಿ ಸರಿ ಬಂತು, ಇನ್ನೊಂದರಲ್ಲಿ ಬರಲಿಲ್ಲ. ಸರ್ಕಾರಗಳು ಏನು ಮಾಡುತ್ತಿವೆ ಎಂಬ ಭಾಗಕ್ಕೆ ಬಂದರೆ ಮುಖ್ಯ ಶಿಕ್ಷಕರು ‘ರಾಜಕೀಯ ಬೇಡ, ನಾಲ್ಕು ಗಿಡ ನೆಡಿಸಿ ಸಾಕು’ ಎನ್ನುತ್ತಾರೆ. ನನ್ನ ಕೈಯಲ್ಲಿ ಇನ್ನು ಆರು ಪೀರಿಯಡ್ ಇವೆ. ಎಲ್ಲಿಂದ ಸರಿಮಾಡಲಿ? ಆ ಹುಡುಗಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಬೇರು ಒಂದೇ ಅನ್ನಿಸಿತು. ಇದ್ದದ್ದನ್ನು ಇದ್ದಂತೆ ಹೇಳಿದರೆ ಮಕ್ಕಳು ಕುಗ್ಗುತ್ತಾರೆ, ಕುಗ್ಗದಿರಲಿ ಎಂದು ಮೆತ್ತಗೆ ಹೇಳಿದರೆ ಸತ್ಯವೇ ಸೋರಿಹೋಗುತ್ತದೆ. ಈ ಇಕ್ಕಟ್ಟು ನನಗೆ ಚೆನ್ನಾಗಿ ಗೊತ್ತು. 18 ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿ, ಈಗ ಶಿಕ್ಷಕರ ತರಬೇತಿಯಲ್ಲಿದ್ದೇನೆ. ನಾನೂ ಮೊದಮೊದಲು ಶುರು ಮಾಡುತ್ತಿದ್ದದ್ದು ವಿಡಿಯೊದಿಂದಲೇ. ಒಂದು ವರ್ಷ, ಪಾಠ ಮುಗಿದ ವಾರಕ್ಕೆ ಒಬ್ಬ ತಾಯಿ ಬಂದು, ‘ರಾತ್ರಿ ಜೋರು ಮಳೆ ಬಂದರೆ ಮಗ ಎದ್ದು ಕೂತುಬಿಡುತ್ತಾನೆ, ಏನಾಯಿತೋ ಗೊತ್ತಿಲ್ಲ’ ಎಂದರು. ನಾನು ತರಗತಿಯಲ್ಲಿ ಹೇಳಿದ್ದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೆ ಕಥೆಯ ಕೊನೆಯನ್ನು ಮೊದಲೇ ಹೇಳಿ, ನಡುವಿನ ಭಾಗವನ್ನು ನುಂಗಿಬಿಟ್ಟಿದ್ದೆ. ಅದು ಹೇಗೆ ಆಗುತ್ತದೆ, ನಮಗೆ ಹೇಗೆ ಗೊತ್ತಾಯಿತು, ಯಾವ ತಿರುಪು ತಿರುಗಿಸಿದರೆ ಏನು ಬದಲಾಗುತ್ತದೆ ಎಂಬುದೇ ಆ ನಡುವಿನ ಭಾಗ. ಅದಿಲ್ಲದೆ ಹೋದರೆ ಮಗುವಿಗೆ ಉಳಿಯುವುದು ಭಯ, ಇಲ್ಲವೇ ‘ಇದೆಲ್ಲ ಸುಳ್ಳು’ ಎಂಬ ಸಮಾಧಾನ. ನಿಮ್ಮ ತರಗತಿಯಲ್ಲಿ ಎದ್ದು ಮಾತನಾಡಿದ ಇಬ್ಬರೂ ಒಂದೇ ಕಡೆ ಎಡವಿದ್ದಾರೆ.

ಹೇಳದೇ ಇದ್ದರೆ ಹೆದರುವುದಿಲ್ಲ ಎಂಬ ನಂಬಿಕೆ ಹಲವು ಪೋಷಕರಲ್ಲಿದೆ, ಕೆಲವು ಶಿಕ್ಷಕರಲ್ಲೂ ಇದೆ. ಅದು ನಿಜವಲ್ಲ. 2021ರಲ್ಲಿ ಹತ್ತು ದೇಶಗಳ, 16ರಿಂದ 25 ವರ್ಷದ 10,000 ಮಂದಿಯನ್ನು ಕೇಳಿದ ಒಂದು ಸಮೀಕ್ಷೆ ಪ್ರಕಟವಾಯಿತು. ಅದರಲ್ಲಿ 59 ಶೇಕಡಾ ಮಂದಿ ತಮಗೆ ಬಹಳ ಅಥವಾ ವಿಪರೀತ ಚಿಂತೆ ಇದೆ ಎಂದಿದ್ದರು. ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಅಂಕಿ: ಈ ವಿಷಯವನ್ನು ಬೇರೆಯವರ ಹತ್ತಿರ ಮಾತಾಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ, ಎದುರಿನವರು ತಮ್ಮ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಅಥವಾ ತಳ್ಳಿಹಾಕಿದರು ಎಂದಿದ್ದರು. ಚಿಂತೆ ಮಕ್ಕಳ ಫೋನಿನಲ್ಲಿ ಆಗಲೇ ಇದೆ. ಅದನ್ನು ಇಳಿಸಿಡಲು ಒಂದು ಜಾಗ ಇಲ್ಲ, ಅಷ್ಟೇ. ನಿಮ್ಮ ಹುಡುಗಿ ಎದ್ದು ನಿಂತು ಕೇಳಿದ್ದು ನಿಮ್ಮನ್ನು ನಂಬಿದ್ದಕ್ಕೆ. ಅವಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಮಾತಿನ ವಿಚಾರ. ಇಂದಿನ ಮಳೆಗೂ ಮೂವತ್ತು ವರ್ಷಗಳ ಸರಾಸರಿಗೂ ನಾವು ‘ಹವಾಮಾನ’ ಎಂಬ ಒಂದೇ ಪದ ಬಳಸುತ್ತೇವೆ. ಸುದ್ದಿಯಲ್ಲಿ ‘ಹವಾಮಾನ ವರದಿ’, ಪಾಠದಲ್ಲಿ ‘ಹವಾಮಾನ ಬದಲಾವಣೆ’. ‘ಹವಾಮಾನ ದಿನಾ ಬದಲಾಗುತ್ತದಲ್ಲ, ಅದರಲ್ಲೇನಿದೆ?’ ಎಂದು ಮಗು ಕೇಳಿದರೆ ತಪ್ಪು ಅದರದ್ದಲ್ಲ. ದಿನದಿನದ್ದಕ್ಕೆ ಹವಾಮಾನ, ದಶಕಗಳದ್ದಕ್ಕೆ ಹವಾಗುಣ ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆದು, ನೀವೂ ತಪ್ಪದೆ ಹಾಗೇ ಬಳಸಿ. ಒಬ್ಬ ಮನುಷ್ಯನ ಇವತ್ತಿನ ಸಿಟ್ಟಿಗೂ ಅವನ ಸ್ವಭಾವಕ್ಕೂ ಇರುವ ವ್ಯತ್ಯಾಸದಂತೆ ಇದು ಎಂದರೆ ಮಕ್ಕಳು ತಟ್ಟನೆ ಹಿಡಿಯುತ್ತಾರೆ.

ಓಝೋನ್ ಗೊಂದಲ ನಿಮ್ಮೊಬ್ಬರ ತರಗತಿಯದ್ದಲ್ಲ. ನಾನು ಕಂಡ ಶಾಲೆಗಳಲ್ಲೆಲ್ಲ ಇದೆ, ಶಿಕ್ಷಕರಲ್ಲೂ ಇದೆ. ಕಾರಣ ಸರಳ. ‘ತೂತು’ ಎಂಬುದು ಕಣ್ಣಿಗೆ ಕಟ್ಟುವ ಚಿತ್ರ. ಮಾಡಿಗೆ ತೂತು ಬಿದ್ದರೆ ಬಿಸಿಲು ಬರುತ್ತದೆ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಹವಾಗುಣದಲ್ಲಿ ಆಗುತ್ತಿರುವುದು ಇದಕ್ಕೆ ವಿರುದ್ಧ. ಒಳಗೆ ಬರುವ ಬಿಸಿಲು ಹೆಚ್ಚಿಲ್ಲ, ಹೊರಗೆ ಹೋಗಬೇಕಾದ ಶಾಖಕ್ಕೆ ತಡೆ ಹೆಚ್ಚಾಗಿದೆ. ಓಝೋನ್ ತಡೆಯುವುದು ಸೂರ್ಯನ ನೇರಳಾತೀತ ಕಿರಣವನ್ನು. ಇಂಗಾಲದ ಡೈಆಕ್ಸೈಡ್ ಹೀರುವುದು ನೆಲ ಮೇಲಕ್ಕೆ ಬಿಡುವ ಅವಕೆಂಪು ಕಿರಣವನ್ನು. ಒಂದು ಬಾಣ ಕೆಳಮುಖ, ಇನ್ನೊಂದು ಮೇಲ್ಮುಖ. ಮಕ್ಕಳಿಂದಲೇ ಎರಡು ಚಿತ್ರ ಬರೆಸಿ, ಬಾಣದ ದಿಕ್ಕನ್ನು ಮಾತ್ರ ತಿದ್ದಿ. ಉದ್ದದ ವಿವರಣೆಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ. ಓಝೋನ್ ಕಥೆಯನ್ನು ಹಾಗೆಂದು ಎಸೆಯಬೇಡಿ, ಸರ್ಕಾರಗಳ ನೀತಿಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಇನ್ನು ಬಾಟಲಿ ಪ್ರಯೋಗ. ಎರಡು ಬಾಟಲಿ, ಒಂದರಲ್ಲಿ ಸೋಡಾ-ವಿನೆಗರ್‌ನಿಂದ ಬಂದ ಅನಿಲ, ಎರಡಕ್ಕೂ ಒಂದೇ ದೀಪ, ಅನಿಲವಿರುವ ಬಾಟಲಿ ಹೆಚ್ಚು ಬಿಸಿ. ನಾನೇ ವರ್ಷಗಟ್ಟಲೆ ಮಾಡಿಸಿದ್ದೇನೆ. ಆಮೇಲೆ ತಿಳಿಯಿತು, ಉತ್ತರ ಸರಿ ಬಂದರೂ ಕಾರಣ ಬೇರೆ. 2010ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಇದನ್ನು ಪರೀಕ್ಷಿಸಿದ ಲೇಖನ ಬಂತು. ಇಂಗಾಲದ ಡೈಆಕ್ಸೈಡ್ ಬದಲು ಆರ್ಗಾನ್ ತುಂಬಿದರೂ ಬಾಟಲಿ ಹಾಗೆಯೇ ಬಿಸಿಯಾಗುತ್ತದೆ. ಆರ್ಗಾನ್ ಶಾಖವನ್ನು ಹೀರುವ ಅನಿಲವೇ ಅಲ್ಲ. ಗಾಳಿಗಿಂತ ಭಾರವಾದ ಅನಿಲ ಕೆಳಗೇ ಕುಳಿತು, ಒಳಗಿನ ಬಿಸಿಗಾಳಿ ಮೇಲಿನ ಗಾಳಿಯೊಂದಿಗೆ ಬೆರೆಯದಂತೆ ಮಾಡುವುದರಿಂದ ಅಲ್ಲಿ ಬಿಸಿ ನಿಲ್ಲುತ್ತದೆ. ಹಾಗಾಗಿ ಬಾಟಲಿಯನ್ನು ಸ್ವಲ್ಪ ಅಲುಗಿಸಿದರೂ, ದೀಪ ಸ್ವಲ್ಪ ದೂರ ಸರಿದರೂ ಫಲಿತಾಂಶ ಬದಲಾಗುತ್ತದೆ. ನಿಮ್ಮ ಎರಡನೇ ಸೆಕ್ಷನ್‌ನಲ್ಲಿ ‘ಬರದೇ’ ಹೋದದ್ದು ನಿಮ್ಮ ಕೈತಪ್ಪು ಎಂದುಕೊಳ್ಳಬೇಡಿ. ಈ ಪ್ರಯೋಗವನ್ನು ಬಿಡಿ. ಬಿಡುವುದಕ್ಕಿಂತಲೂ ಒಳ್ಳೆಯದು, ಏಕೆ ಬಿಟ್ಟೆವು ಎಂದು ಮಕ್ಕಳಿಗೆ ಹೇಳುವುದು. ಸರಿ ಉತ್ತರ ತಪ್ಪು ದಾರಿಯಿಂದಲೂ ಬರಬಹುದು ಎಂದು ಕಂಡ ಮಗು ಮುಂದೆ ಫೋನಿನಲ್ಲಿ ಬರುವ ಯಾವ ‘ಸಾಕ್ಷ್ಯ’ವನ್ನಾದರೂ ಒಮ್ಮೆ ತಿರುಗಿಸಿ ನೋಡುತ್ತದೆ.

ಹಾಗಾದರೆ ಅನಿಲ ಶಾಖವನ್ನು ಹೀರುತ್ತದೆ ಎಂದು ತೋರಿಸುವುದು ಹೇಗೆ? ತರಗತಿಯಲ್ಲಿ ನೇರವಾಗಿ ತೋರಿಸುವುದು ಕಷ್ಟ, ಅದಕ್ಕೆ ವಿಶೇಷ ಕ್ಯಾಮೆರಾ ಬೇಕು. ನಾನು ಇತಿಹಾಸವನ್ನು ಹೇಳುತ್ತೇನೆ. 1856ರಲ್ಲಿ ಯೂನಿಸ್ ಫೂಟ್ ಎಂಬಾಕೆ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇದ್ದದ್ದು ಹೆಚ್ಚು ಕಾದದ್ದನ್ನು ಬರೆದರು. ಅವರ ಪ್ರಯೋಗಕ್ಕೂ ಮಿತಿಗಳಿದ್ದವು. 1859ರಲ್ಲಿ ಜಾನ್ ಟಿಂಡಾಲ್ ಶಾಖಕಿರಣವನ್ನೇ ಅನಿಲದ ಮೂಲಕ ಹಾಯಿಸಿ ಅಳೆದರು. ನೈಟ್ರೋಜನ್, ಆಕ್ಸಿಜನ್ ಶಾಖವನ್ನು ಹಾಗೇ ಬಿಟ್ಟುಕೊಟ್ಟವು. ನೀರಾವಿ, ಇಂಗಾಲದ ಡೈಆಕ್ಸೈಡ್ ತಡೆದವು. 1896ರಲ್ಲಿ ಸ್ವಾಂಟೆ ಅರೇನಿಯಸ್ ಪೆನ್ಸಿಲ್ ಹಿಡಿದು, ಈ ಅನಿಲ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಲೆಕ್ಕ ಹಾಕಿದರು. ಇದು ನಿನ್ನೆ ಮೊನ್ನೆ ಹುಟ್ಟಿದ ಗದ್ದಲವಲ್ಲ ಎಂಬುದು ಈ ಮೂರು ವರ್ಷಗಳನ್ನು ಬೋರ್ಡಿನ ಮೇಲೆ ಬರೆದರೇ ತಿಳಿಯುತ್ತದೆ. ‘ಗಾಳಿಯಲ್ಲಿ ಅದು ಇರುವುದೇ 0.04 ಶೇಕಡಾ, ಅಷ್ಟರಿಂದ ಏನಾದೀತು?’ ಎಂಬ ಪ್ರಶ್ನೆಗೂ ಟಿಂಡಾಲ್ ಉತ್ತರವಿದೆ. ಉಳಿದ 99 ಭಾಗ ಶಾಖದ ಕಣ್ಣಿಗೆ ಇಲ್ಲವೇ ಇಲ್ಲ. ತಡೆಯುವ ಈ ಚಿಟಿಕೆ ಅನಿಲಗಳು ಇರದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಈಗಿನ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬದಲು ಮೈನಸ್ 18ರ ಆಸುಪಾಸು ಇರುತ್ತಿತ್ತು.

ಇದಾದ ಮೇಲೆ ಮಕ್ಕಳ ಕೈಗೆ ಗ್ರಾಫ್ ಹಾಳೆ ಕೊಡಿ. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಶುರು ಮಾಡಿದ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್‌ನ ಅಳತೆ ಇವತ್ತಿಗೂ ನಡೆಯುತ್ತಿದೆ. ಅಂಕಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಶೀರ್ಷಿಕೆ ಹೇಳಬೇಡಿ, ಬರೀ ತಿಂಗಳು ಮತ್ತು ಅಂಕಿ ಕೊಟ್ಟು ಕೈಯಲ್ಲೇ ಗುರುತು ಹಾಕಿಸಿ. ಕಂಪ್ಯೂಟರ್ ಬೇಡ, ಕೈ ಏರುವುದು ಗೊತ್ತಾಗಬೇಕು. ಸುಮಾರು 315 ಪಿಪಿಎಂನಿಂದ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 315 ಭಾಗ) ಹೊರಟ ಗೆರೆ ಈಗ 420 ದಾಟಿದೆ. ಕೈಗಾರಿಕಾ ಯುಗದ ಮೊದಲು ಅದು 280ರ ಸುಮಾರಿನಲ್ಲಿತ್ತು. ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳ ಪ್ರಕಾರ ಅದಕ್ಕೆ ಹಿಂದಿನ 8 ಲಕ್ಷ ವರ್ಷಗಳಲ್ಲಿ ಅದು 300ರ ಆಚೆಗೆ ಹೋಗಿರಲಿಲ್ಲ. ಆದರೆ ಮಕ್ಕಳ ಕಣ್ಣು ಮೊದಲು ಬೀಳುವುದು ಏರಿಕೆಯ ಮೇಲಲ್ಲ, ಗರಗಸದ ಹಲ್ಲಿನ ಮೇಲೆ. ‘ಪ್ರತಿ ವರ್ಷ ಮೇ ಆದಮೇಲೆ ಯಾಕೆ ಇಳಿಯುತ್ತೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರಾರ್ಧ ಗೋಳದಲ್ಲಿ ನೆಲ ಹೆಚ್ಚು, ಅಲ್ಲಿನ ಮರಗಿಡಗಳು ಚಿಗುರಿ ಅನಿಲ ಎಳೆದುಕೊಳ್ಳುತ್ತವೆ, ಎಲೆ ಉದುರಿ ಕೊಳೆತಾಗ ಮತ್ತೆ ಬಿಡುತ್ತವೆ. ಇಡೀ ಭೂಮಿ ಉಸಿರಾಡುವುದನ್ನು ತನ್ನ ಹಾಳೆಯ ಮೇಲೆ ಕಂಡ ಮಗುವಿನ ಮುಖ ನೋಡಬೇಕು. ಹೆದರಿಸುವ ಮೊದಲು ಬೆರಗು ಹುಟ್ಟಲಿ ಎಂದು ನಾನು ಹೇಳುವುದು ಇದಕ್ಕೇ.

ಈಗ ‘ಅಪ್ಪ ಹೇಳಿದ್ರು’ ಎಂದ ಹುಡುಗ. ಅವನ ಅಪ್ಪನನ್ನು ತರಗತಿಯ ಎದುರು ಸೋಲಿಸಬೇಡಿ. ಆ ವಯಸ್ಸಿನಲ್ಲಿ ಅಪ್ಪನಿಗೂ ವಿಜ್ಞಾನಕ್ಕೂ ಜಗಳ ಹಚ್ಚಿದರೆ ಮಗ ಅಪ್ಪನ ಪಕ್ಷ ಹಿಡಿಯುತ್ತಾನೆ, ಹಿಡಿಯಲೂ ಬೇಕು. ಅಪ್ಪ ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಅಲ್ಲಿಂದಲೇ ಹೊರಡಿ. ಹಿಂದೆಯೂ ಹವಾಗುಣ ಬದಲಾಗಿದೆ, ಭೂಮಿಯ ಕಕ್ಷೆಯೂ ವಾಲಿಕೆಯೂ ಹತ್ತಾರು ಸಾವಿರ ವರ್ಷಗಳಲ್ಲಿ ನಿಧಾನವಾಗಿ ಬದಲಾಗಿ ಹಿಮಯುಗಗಳು ಬಂದುಹೋಗಿವೆ. ಹಿಂದೆ ಸಾವು ಸಹಜವಾಗಿಯೇ ಬರುತ್ತಿತ್ತು ಎಂದಮಾತ್ರಕ್ಕೆ ಇವತ್ತಿನ ಸಾವು ಕೊಲೆಯಲ್ಲ ಎನ್ನಲಾಗದು, ಪತ್ತೇದಾರಿ ಮಾಡಬೇಕು. ಹಾಗೆಂದು ಶಂಕಿತರ ಪಟ್ಟಿ ಬರೆಯಿಸಿ: ಸೂರ್ಯ, ಜ್ವಾಲಾಮುಖಿ, ಮನುಷ್ಯ. ಆಮೇಲೆ ಬೆರಳಚ್ಚು ಹುಡುಕಿಸಿ.

ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲ ಮೇಲಿನಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಆಗುತ್ತಿರುವುದು ಬೇರೆ: ನಾವಿರುವ ಕೆಳಪದರ ಬಿಸಿಯಾಗುತ್ತಿದೆ, ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ. ಉಪಗ್ರಹಗಳು 1978ರಿಂದ ಸೂರ್ಯನನ್ನು ಅಳೆಯುತ್ತಿವೆ, ಅದರ ಶಕ್ತಿ ಏರಿಲ್ಲ. ಜ್ವಾಲಾಮುಖಿಗಳು ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್‌ಗಿಂತ ನಾವು ಬಿಡುವುದು ಹತ್ತಾರು ಪಟ್ಟು ಹೆಚ್ಚು. 1991ರಲ್ಲಿ ಸಿಡಿದ ಪಿನಟುಬೊ ಜ್ವಾಲಾಮುಖಿ ಭೂಮಿಯನ್ನು ತಾತ್ಕಾಲಿಕವಾಗಿ ತಂಪೇ ಮಾಡಿತು. ಮನುಷ್ಯನ ಬೆರಳಚ್ಚು ಇಂಗಾಲದ ಒಳಗೇ ಇದೆ. ಕಲ್ಲಿದ್ದಲು, ತೈಲಗಳಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ರೂಪ ಉಳಿದಿಲ್ಲ, ಕೋಟ್ಯಂತರ ವರ್ಷಗಳಲ್ಲಿ ಕಳೆದುಹೋಗಿದೆ. ಅವನ್ನು ಸುಟ್ಟಾಗ ಗಾಳಿಯಲ್ಲಿ ಅದರ ಪಾಲು ತೆಳುವಾಗುತ್ತದೆ. ಆ ತೆಳುವಾಗುವಿಕೆಯನ್ನು ಅಳೆದಿದ್ದಾರೆ. ಹುಡುಗ ಈ ಪಟ್ಟಿಯನ್ನು ತಾನೇ ಹೊಡೆದುಹಾಕುತ್ತ ಬರಲಿ. ಮನೆಗೆ ಹೋಗಿ ಅಪ್ಪನಿಗೂ ಹೇಳುತ್ತಾನೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶಾಲೆಯಲ್ಲಿ ಈ ಪಾಠ ಕಲಿತ ಮಕ್ಕಳಿಂದಾಗಿ ಪೋಷಕರ ಕಾಳಜಿ ಹೆಚ್ಚಿದ್ದು ಕಂಡುಬಂತು.

ಒಂದು ಎಚ್ಚರಿಕೆ. ಸಮತೋಲನದ ಹೆಸರಿನಲ್ಲಿ ‘ಭೂಮಿ ಬಿಸಿಯಾಗುತ್ತಿರುವುದು ಮನುಷ್ಯನಿಂದಲೇ? ಪರ-ವಿರೋಧ ಚರ್ಚೆ’ ಎಂದು ಇಡಬೇಡಿ. ಚೆನ್ನಾಗಿ ಮಾತಾಡುವ ಮಗು ಗೆಲ್ಲುತ್ತದೆ, ಸಾಕ್ಷ್ಯವಲ್ಲ. ವಿಶ್ವಸಂಸ್ಥೆಯ ಹವಾಗುಣ ವಿಜ್ಞಾನದ ಸಮಿತಿಯಾದ ಐಪಿಸಿಸಿಯ 2021ರ ವರದಿ ಮನುಷ್ಯನ ಪ್ರಭಾವ ನಿಸ್ಸಂದೇಹ ಎಂದಿದೆ. ಚರ್ಚೆಗೆ ಬೇಕಾದಷ್ಟು ವಿಷಯ ನೀತಿಯಲ್ಲಿದೆ, ಅಲ್ಲಿ ಇಡಿ.

ಇನ್ನು ನಾನು ಇಡೀ ಪಾಠದ ಬೆನ್ನೆಲುಬು ಎಂದುಕೊಂಡಿರುವ ಪೀರಿಯಡ್. ಬೇಕಾಗಿರುವುದು ಒಂದು ಬಕೆಟ್, ಅದರ ತಳದಲ್ಲಿ ಒಂದು ಸಣ್ಣ ತೂತು, ಒಂದು ನಲ್ಲಿ. ಬಕೆಟ್ಟೇ ವಾಯುಮಂಡಲ, ನಲ್ಲಿ ನಾವು ಬಿಡುವ ಅನಿಲ, ತೂತು ಅದನ್ನು ಹೀರಿಕೊಳ್ಳುವ ಕಾಡು ಮತ್ತು ಸಮುದ್ರ. ನಾವು ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಸುರಿಯುತ್ತೇವೆ, ಹೆಚ್ಚುಕಡಿಮೆ ಅರ್ಧವನ್ನು ನೆಲ ಮತ್ತು ನೀರು ಎಳೆದುಕೊಳ್ಳುತ್ತವೆ, ಉಳಿದದ್ದು ಬಕೆಟ್ಟಿನಲ್ಲೇ ನಿಲ್ಲುತ್ತದೆ. ನಲ್ಲಿ ಬಿಡಿ. ನೀರು ಏರುತ್ತಿರುವಾಗ ಕೇಳಿ: ‘ಈಗಿನಿಂದ ನಲ್ಲಿಯನ್ನು ಇನ್ನಷ್ಟು ತಿರುಗಿಸುವುದಿಲ್ಲ, ಹೀಗೇ ಬಿಡುತ್ತೇನೆ. ನೀರಿನ ಮಟ್ಟ ಏನಾಗುತ್ತೆ?’ ಉತ್ತರವನ್ನು ಬಾಯಲ್ಲಿ ಹೇಳಿಸಬೇಡಿ, ಚೀಟಿಯಲ್ಲಿ ಬರೆಸಿ. ನನ್ನ ತರಗತಿಗಳಲ್ಲಿ ಹೆಚ್ಚಿನ ಚೀಟಿಗಳಲ್ಲಿ ಇರುತ್ತಿದ್ದದ್ದು ‘ಅಷ್ಟೇ ಇರುತ್ತದೆ’ ಎಂದು. ಮಕ್ಕಳನ್ನು ದೂರಬೇಡಿ. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇದೇ ಬಗೆಯ ಪ್ರಶ್ನೆ ಕೇಳಿದಾಗ ಬಹುಪಾಲು ಮಂದಿ ತಪ್ಪಿದ್ದರು, 2007ರಲ್ಲಿ ಜಾನ್ ಸ್ಟರ್ಮನ್ ಮತ್ತು ಲಿಂಡಾ ಬೂತ್ ಸ್ವೀನಿ ಅದನ್ನು ಪ್ರಕಟಿಸಿದ್ದಾರೆ. ಚೀಟಿ ಕೊಟ್ಟ ಮೇಲೆ ಎಲ್ಲರೂ ಬಕೆಟ್ಟನ್ನೇ ನೋಡುತ್ತಾರೆ. ನೀರು ಏರುತ್ತಲೇ ಹೋಗಿ ಅಂಚಿನಿಂದ ಚೆಲ್ಲುತ್ತದೆ. ಒಂದು ವರ್ಷ ಮುಂದಿನ ಬೆಂಚಿನ ಹುಡುಗನೊಬ್ಬ ತನ್ನ ಚಪ್ಪಲಿ ನೆನೆದರೂ ಸರಿಯದೆ, ‘ನಲ್ಲಿ ಕಮ್ಮಿ ಮಾಡಿದ್ರೂ ಸಾಲಲ್ಲ, ತೂತಿನಷ್ಟಕ್ಕೆ ತರ್ಬೇಕು’ ಎಂದ. ಹಲವು ದೊಡ್ಡವರಿಗೆ ಹೊಳೆಯದ ಮಾತದು.

ತೂತಿನ ಅಳತೆಯನ್ನು ಮನೆಯಲ್ಲೇ ನೋಡಿಕೊಂಡು ಬನ್ನಿ. ನೀರು ಏರಿದಂತೆ ತೂತಿನಿಂದ ಹೊರಬರುವ ರಭಸವೂ ಹೆಚ್ಚುತ್ತದೆ. ತೂತು ದೊಡ್ಡದಾದರೆ ನೀರು ನಡುವೆಯೇ ನಿಂತು ಪಾಠ ತಲೆಕೆಳಗಾಗುತ್ತದೆ. ಚುರುಕಾದ ಮಗು ಇದನ್ನು ಗಮನಿಸಿದರೆ ಹೊಗಳಿ. ನಿಜಕ್ಕೂ ಅನಿಲ ಹೆಚ್ಚಿದಂತೆ ಕಾಡು, ಸಮುದ್ರಗಳು ಎಳೆದುಕೊಳ್ಳುವ ಪ್ರಮಾಣವೂ ಹೆಚ್ಚಿದೆ. ಆದರೆ ನಮ್ಮ ನಲ್ಲಿಯ ವೇಗಕ್ಕೆ ಅದು ಸಾಟಿಯಾಗಿಲ್ಲ.

ಈ ಬಕೆಟ್ ತಲೆಯೊಳಗೆ ಕೂತ ಮೇಲೆ ನೀತಿಯ ಅರ್ಧ ಪಾಠ ತಾನಾಗಿ ಮುಗಿಯುತ್ತದೆ. ನಿವ್ವಳ ಶೂನ್ಯ ಎಂದರೇನು? ನಲ್ಲಿಯಿಂದ ಬರುವಷ್ಟನ್ನೂ ನಾವೇ ಹೊರತೆಗೆಯುವ ಸ್ಥಿತಿ. ‘2030ಕ್ಕೆ ಪ್ರಪಂಚ ಮುಗಿಯುತ್ತದಂತೆ’ ಎಂದು ಮಕ್ಕಳು ಹೇಳುವುದು ಎಲ್ಲಿಂದ? ಉಷ್ಣತೆಯ ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಬೇಕಾದರೆ ನಲ್ಲಿಯನ್ನು 2030ರೊಳಗೆ, 2010ರ ಮಟ್ಟಕ್ಕಿಂತ ಸುಮಾರು 45 ಶೇಕಡಾ ತಗ್ಗಿಸಬೇಕು, 2050ರ ಹೊತ್ತಿಗೆ ನಿವ್ವಳ ಶೂನ್ಯಕ್ಕೆ ತರಬೇಕು ಎಂದು 2018ರ ಐಪಿಸಿಸಿ ವರದಿ ಹೇಳಿತ್ತು. ಅದು ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಲೋಕ ಮುಳುಗುವ ತಾರೀಖಾಯಿತು. ಅಂಥ ತಾರೀಖು ಇಲ್ಲ. 1.6 ಡಿಗ್ರಿ 1.5ಕ್ಕಿಂತ ಕೆಟ್ಟದ್ದು, 1.7 ಇನ್ನೂ ಕೆಟ್ಟದ್ದು, ಪ್ರತಿ ಹತ್ತನೇ ಒಂದು ಭಾಗಕ್ಕೂ ಬೆಲೆ ಇದೆ. ಮೆಟ್ಟಿಲು ಇಳಿಯುವುದಕ್ಕೂ ಪ್ರಪಾತಕ್ಕೆ ಬೀಳುವುದಕ್ಕೂ ವ್ಯತ್ಯಾಸವಿದೆ ಎಂದು ತಿಳಿದರೆ ಹೆದರಿದ ಮಗುವಿಗೆ ನಿಜವಾದ ಧೈರ್ಯ ಬರುತ್ತದೆ.

ಪರಿಣಾಮಗಳಿಗೆ ಒಂದು ಪೀರಿಯಡ್ ಸಾಕು, ವಿಡಿಯೊ ಬೇಡ. ಒಂದು ಲೋಟ ನೀರಿನಲ್ಲಿ ಮಂಜುಗಡ್ಡೆ ತೇಲಲಿ, ಇನ್ನೊಂದರಲ್ಲಿ ಕಲ್ಲಿನ ಮೇಲೆ ಕೂರಲಿ, ಎರಡರ ಮಟ್ಟಕ್ಕೂ ಗೆರೆ ಹಾಕಿಡಿ. ಕರಗುವಷ್ಟರಲ್ಲಿ, ಸಮುದ್ರವನ್ನು ಏರಿಸುವುದು ತೇಲುವ ಹಿಮವಲ್ಲ, ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕ ಮತ್ತು ಪರ್ವತಗಳಂಥ ನೆಲದ ಮೇಲಿನ ಹಿಮ ಎಂದು ಅವರೇ ಹೇಳುತ್ತಾರೆ. ನೀರು ಕಾದು ಹಿಗ್ಗುವುದನ್ನೂ ಸೇರಿಸಿ, ಏಕೆಂದರೆ ಹೆಚ್ಚುವರಿ ಶಾಖದಲ್ಲಿ 90 ಶೇಕಡಾಕ್ಕೂ ಮೀರಿ ಸಮುದ್ರದೊಳಗೇ ಹೋಗಿದೆ. ‘ಆ ಪ್ರವಾಹ ಹವಾಗುಣ ಬದಲಾವಣೆಯಿಂದಲೇ ಆಯಿತಾ?’ ಎಂದು ಕೇಳಿದರೆ ಹೌದು-ಅಲ್ಲ ಎನ್ನಬೇಡಿ, ದಾಳ ತೆಗೆಯಿರಿ. ಆರು ಬೀಳುವುದು ಮೊದಲೂ ಇತ್ತು, ದಾಳದ ಒಂದು ಬದಿಗೆ ತೂಕ ಅಂಟಿಸಿದರೆ ಹೆಚ್ಚು ಸಲ ಬೀಳುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ನೀರಾವಿ ಹಿಡಿಯಬಲ್ಲದು, ತೂಕ ಅಂಟಿದ್ದು ಅಲ್ಲಿ. 2003ರ ಯುರೋಪಿನ ಬಿಸಿಗಾಳಿಯ ಮೇಲೆ ಮರುವರ್ಷ ಬಂದ ಅಧ್ಯಯನ, ಅಂಥ ಬೇಸಿಗೆಯ ಸಾಧ್ಯತೆಯನ್ನು ಮನುಷ್ಯನ ಪ್ರಭಾವ ಕನಿಷ್ಠ ಎರಡು ಪಟ್ಟು ಮಾಡಿರುವ ಸಂಭವ ತುಂಬಾ ಹೆಚ್ಚು ಎಂದಿತು.

ಗಿಡ ನೆಡುವ ವಿಷಯ. ಮುಖ್ಯ ಶಿಕ್ಷಕರೊಂದಿಗೆ ಜಗಳ ಬೇಡ, ಗಿಡ ನೆಡಿಸಿ, ಸಂತೋಷದಿಂದ ನೆಡಿಸಿ. ಆದರೆ ಅದೇ ಬಕೆಟ್ ಮುಂದಿಟ್ಟು ಅದು ತೂತನ್ನು ಒಂದಿಷ್ಟು ಹಿಗ್ಗಿಸುವ ಕೆಲಸ ಎಂದು ಹೇಳಿ. ಮರ ಬೆಳೆಯಲು ದಶಕಗಳು ಬೇಕು, ಕಾಡು ಸುಟ್ಟರೆ ಹಿಡಿದಿಟ್ಟ ಇಂಗಾಲ ಒಂದೇ ದಿನದಲ್ಲಿ ವಾಪಸ್. ನಮ್ಮ ಭಾಷೆಯಲ್ಲಿ ‘ನೀತಿ’ ಎಂಬ ಪದಕ್ಕೆ ಎರಡು ಅರ್ಥ: ಸರ್ಕಾರದ ನೀತಿಯೂ ನೀತಿ, ‘ನೀತಿಪಾಠ’ದ ನೀತಿಯೂ ನೀತಿ. ಹವಾಗುಣದ ಅಧ್ಯಾಯದಲ್ಲಿ ಮೊದಲನೆಯದು ಬರಬೇಕಾದ ಕಡೆ ಸದ್ದಿಲ್ಲದೆ ಎರಡನೆಯದು ಬಂದು ಕೂರುತ್ತದೆ. ಲೈಟ್ ಆರಿಸು, ಪ್ಲಾಸ್ಟಿಕ್ ಬಿಡು, ಗಿಡ ನೆಡು. ಮಾಡಬೇಕಾದ ಕೆಲಸಗಳೇ. ಆದರೆ ವಿದ್ಯುತ್ತು ಯಾವುದರಿಂದ ತಯಾರಾಗಬೇಕು ಎಂದು ತೀರ್ಮಾನಿಸುವ ಅಧಿಕಾರವಿಲ್ಲದ ಮಗುವಿನ ತಲೆಗೆ ಅಪರಾಧದ ಭಾರವನ್ನಷ್ಟೇ ಹೊರಿಸುವುದು ಅನ್ಯಾಯ. ಅತ್ಯಂತ ಪ್ರಾಮಾಣಿಕ ಮಕ್ಕಳೇ ಇದರಿಂದ ಹೆಚ್ಚು ನೋಯುವುದನ್ನು ನೋಡಿದ್ದೇನೆ.

ಮುಖ್ಯ ಶಿಕ್ಷಕರ ಭಯಕ್ಕೂ ಅರ್ಥವಿದೆ. ಅವರಿಗೆ ಹೀಗೆ ಹೇಳಿ ನೋಡಿ: ಪಕ್ಷಗಳ ಹೆಸರು ಎತ್ತುವುದಿಲ್ಲ, ಯಾವುದು ಸರಿ ಎಂದು ನಾನು ತೀರ್ಪು ಕೊಡುವುದಿಲ್ಲ, ಲೋಕದಲ್ಲಿ ಏನೇನು ಮಾಡಿ ನೋಡಿದ್ದಾರೆ, ಏನಾಯಿತು ಎಂಬುದನ್ನು ಮಾತ್ರ ಓದಿಸುತ್ತೇನೆ. ಓಝೋನಿನಿಂದ ಶುರು ಮಾಡಿ. 1985ರಲ್ಲಿ ತೂತಿನ ವರದಿ ಪ್ರಕಟವಾಯಿತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ಕಾಲಕ್ರಮದಲ್ಲಿ ಜಗತ್ತಿನ ಎಲ್ಲ ದೇಶಗಳೂ ಸೇರಿದವು, ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಆಮೇಲೆ ಕೇಳಿ: ಅದು ಸಾಧ್ಯವಾಯಿತು, ಇದು ಏಕೆ ಇಷ್ಟು ಕಷ್ಟ? ಅಲ್ಲಿ ಬದಲಿಸಬೇಕಿದ್ದದ್ದು ಕೆಲವೇ ರಾಸಾಯನಿಕ, ತಯಾರಿಸುವವರೂ ಕೆಲವರೇ, ಬದಲಿ ಬೇಗ ಸಿಕ್ಕಿತು. ಇಲ್ಲಿ ಅಡುಗೆಯಿಂದ ಉಕ್ಕಿನವರೆಗೆ ಎಲ್ಲವೂ ಸುಡುವುದರ ಮೇಲೆ ನಿಂತಿದೆ.

ಚರ್ಚೆಗೆ ನಾನು ಹೆಚ್ಚು ಬಳಸುವುದು ಕಾರ್ಬನ್ ತೆರಿಗೆ, ಅಂದರೆ ಬಿಡುವ ಇಂಗಾಲಕ್ಕೆ ತಕ್ಕಂತೆ ಹಾಕುವ ತೆರಿಗೆ. ಸ್ವೀಡನ್ 1991ರಲ್ಲೇ ತಂದು ಇಂದಿಗೂ ಉಳಿಸಿಕೊಂಡಿದೆ. ಫ್ರಾನ್ಸ್ 2018ರಲ್ಲಿ ಇಂಧನ ತೆರಿಗೆ ಏರಿಸಹೊರಟಾಗ ಹಳದಿ ಅಂಗಿ ತೊಟ್ಟ ಜನ ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2008ರಲ್ಲಿ ಈ ತೆರಿಗೆ ಹಾಕಿ, ಬಂದ ಹಣಕ್ಕೆ ಸಮನಾಗಿ ಬೇರೆ ತೆರಿಗೆಗಳನ್ನು ಇಳಿಸಿತು. ಅಲ್ಲೂ 2025ರಲ್ಲಿ ಸಾಮಾನ್ಯ ಬಳಕೆದಾರರ ಮೇಲಿನ ತೆರಿಗೆಯನ್ನು ತೆಗೆದುಹಾಕಿದರು. ಯುರೋಪ್ ಒಕ್ಕೂಟ 2005ರಲ್ಲಿ ಮಾಲಿನ್ಯಕ್ಕೆ ಮಿತಿ ಹಾಕಿ, ಕಂಪನಿಗಳು ಪರವಾನಗಿಗಳನ್ನು ಕೊಂಡು ಮಾರುವ ದಾರಿ ಹಿಡಿಯಿತು. ಆರಂಭದಲ್ಲಿ ಪರವಾನಗಿಗಳನ್ನು ಧಾರಾಳವಾಗಿ ಹಂಚಿದ್ದರಿಂದ 2007ರಲ್ಲಿ ಅವುಗಳ ಬೆಲೆ ಸೊನ್ನೆಯ ಹತ್ತಿರ ಬಂತು, ಆಮೇಲೆ ಬಿಗಿ ಮಾಡಿದರು. ಇನ್ನೊಂದು ಕಡೆ ಸಬ್ಸಿಡಿ, ದೊಡ್ಡ ಪ್ರಮಾಣದ ಉತ್ಪಾದನೆ, ಸಂಶೋಧನೆ ಎಲ್ಲ ಸೇರಿ 2010ರಿಂದ 2019ರೊಳಗೆ ಸೌರ ವಿದ್ಯುತ್ತಿನ ವೆಚ್ಚ 85 ಶೇಕಡಾ ಇಳಿಯಿತು. ಮಕ್ಕಳನ್ನು ಗುಂಪು ಮಾಡಿ ಒಬ್ಬೊಬ್ಬರಿಗೆ ಒಂದು ಪಾತ್ರ ಕೊಡಿ: ಗಣಿ ಕಾರ್ಮಿಕ, ತಗ್ಗಿನ ದ್ವೀಪದ ಮೀನುಗಾರ್ತಿ, ಹಣಕಾಸು ಮಂತ್ರಿ, ಉಕ್ಕಿನ ಕಾರ್ಖಾನೆಯ ಮಾಲೀಕ. ಪಾತ್ರದ ಚೀಟಿಯಲ್ಲಿ ಅವರ ಕಷ್ಟವನ್ನು ನ್ಯಾಯವಾಗಿ ಬರೆಯಿರಿ. ಗಣಿ ಕಾರ್ಮಿಕನನ್ನು ಖಳನನ್ನಾಗಿ ಮಾಡಿದರೆ ಪಾಠ ಕೆಟ್ಟಿತು.

ದೇಶದೇಶಗಳ ನಡುವಿನ ಮಾತು ಬಂದಾಗ ಮೂರು ಅಂಕಿಗಳನ್ನು ಬೇರೆಬೇರೆಯಾಗಿ ಕೊಡಿ: ಈ ವರ್ಷ ಯಾರು ಹೆಚ್ಚು ಬಿಟ್ಟರು, ತಲೆಗೆಷ್ಟು, ಇತಿಹಾಸದುದ್ದಕ್ಕೂ ಎಷ್ಟು. ಮೊದಲನೆಯದರಲ್ಲಿ ಚೀನಾ ಮುಂದೆ, ಮೂರನೆಯದರಲ್ಲಿ ಅಮೆರಿಕ ಮುಂದೆ, ಭಾರತ ಮೊದಲ ಪಟ್ಟಿಯಲ್ಲಿ ಮೂರನೆಯದಾದರೂ ತಲಾ ಲೆಕ್ಕದಲ್ಲಿ ಜಗತ್ತಿನ ಸರಾಸರಿಗಿಂತ ಸಾಕಷ್ಟು ಕೆಳಗೆ. ಯಾವ ಅಂಕಿ ಹಿಡಿದರೆ ಯಾರ ವಾದ ಗಟ್ಟಿಯಾಗುತ್ತದೆ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. 1992ರ ವಿಶ್ವಸಂಸ್ಥೆಯ ಹವಾಗುಣ ಒಪ್ಪಂದದಲ್ಲಿ ‘ಹೊಣೆ ಎಲ್ಲರದು, ಆದರೆ ಬೇರೆಬೇರೆ ಪ್ರಮಾಣದಲ್ಲಿ’ ಎಂಬ ತತ್ವ ಏಕೆ ಬಂತು, 1997ರ ಕ್ಯೋಟೊ ಒಪ್ಪಂದದಲ್ಲಿ ಶ್ರೀಮಂತ ದೇಶಗಳಿಗೆ ಮಾತ್ರ ಗುರಿ ಹಾಕಿದ್ದು ಏಕೆ, 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಂಡು ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವ ದಾರಿ ಹಿಡಿದದ್ದು ಏಕೆ ಎಂಬುದು ಆಗ ಬಾಯಿಪಾಠದ ಇಸವಿಗಳಾಗಿ ಉಳಿಯುವುದಿಲ್ಲ. ಅಲ್ಲಿನ ದೌರ್ಬಲ್ಯವನ್ನೂ ಮುಚ್ಚಿಡಬೇಡಿ. ಗುರಿ ತಪ್ಪಿದರೆ ದಂಡವಿಲ್ಲ. ಈಗಿನ ನೀತಿಗಳು ಹೀಗೇ ನಡೆದರೆ ಶತಮಾನದ ಕೊನೆಗೆ ಏರಿಕೆ ಸುಮಾರು 3 ಡಿಗ್ರಿಯ ಹತ್ತಿರ ಹೋಗುವ ಅಂದಾಜಿದೆ. ಅದು ಪ್ಯಾರಿಸ್‌ಗಿಂತ ಮೊದಲಿನ ಅಂದಾಜಿಗಿಂತ ಕಡಿಮೆ, ಸುರಕ್ಷಿತ ಮಟ್ಟಕ್ಕಿಂತ ಬಹಳ ಹೆಚ್ಚು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ.

ಈಗ ಆ ಹುಡುಗಿ. ‘ಏನೂ ಆಗಲ್ಲ ಕಂದ, ಓದ್ಕೋ’ ಎನ್ನಬೇಡಿ, ಅವಳು ಮುಂದೆ ನಿಮ್ಮನ್ನು ಏನನ್ನೂ ಕೇಳುವುದಿಲ್ಲ. ‘ನಿಮ್ಮ ಪೀಳಿಗೆಯೇ ಜಗತ್ತನ್ನು ಉಳಿಸಬೇಕು’ ಎಂದೂ ಹೇಳಬೇಡಿ, ನಾವು ಕಟ್ಟಿದ ಗಂಟನ್ನು ಹದಿನಾಲ್ಕರ ಹೆಗಲಿಗೆ ಏರಿಸಿದಂತಾಗುತ್ತದೆ. ಸ್ವೀಡನ್ನಿನ ಸಂಶೋಧಕಿ ಮರಿಯಾ ಒಯಾಲಾ ಹದಿಹರೆಯದವರ ಮೇಲೆ ವರ್ಷಗಳ ಕಾಲ ಮಾಡಿದ ಕೆಲಸದಲ್ಲಿ, ಚಿಂತೆಯನ್ನು ಒಪ್ಪಿಕೊಂಡೇ, ಇತರರೂ ಕೆಲಸ ಮಾಡುತ್ತಿದ್ದಾರೆ ಎಂಬ ನಂಬಿಕೆಯಲ್ಲಿ ಅರ್ಥ ಹುಡುಕಿಕೊಂಡವರು ಹೆಚ್ಚು ಗಟ್ಟಿಯಾಗಿ ನಿಲ್ಲುವುದನ್ನು ಕಂಡಿದ್ದಾರೆ. ಸಮಸ್ಯೆಯನ್ನು ಒಂಟಿಯಾಗಿ ಬಗೆಹರಿಸಲು ಹೊರಟ ಮಕ್ಕಳು ಕೆಲಸವನ್ನೂ ಮಾಡುತ್ತಾರೆ, ಹೆಚ್ಚು ಬಳಲುತ್ತಾರೆ ಕೂಡ. ಹಾಗಾಗಿ ಮೊದಲು ಅವಳ ಪಕ್ಕ ಕೂತು, ‘ನಿನಗೆ ಹೆದರಿಕೆಯಾದದ್ದು ಸಹಜ, ನನಗೂ ಆಗುತ್ತೆ’ ಎನ್ನಿ. ನಿದ್ದೆ, ಊಟ ತಪ್ಪುತ್ತಿದ್ದರೆ, ವಾರಗಟ್ಟಲೆ ಮಂಕಾಗಿದ್ದರೆ ಅದು ಪಾಠದಿಂದ ಸರಿಹೋಗುವ ವಿಷಯವಲ್ಲ. ಮನೆಯವರ ಜೊತೆ ಮಾತಾಡಿ, ಆಪ್ತಸಮಾಲೋಚಕರ ಹತ್ತಿರ ಕಳಿಸಿ.

ಅಷ್ಟಿಲ್ಲದಿದ್ದರೆ ನಾಳೆ ಬಕೆಟ್ ತರುವ ಕೆಲಸ ಅವಳಿಗೇ ಕೊಡಿ. ಅವಳೇ ನಲ್ಲಿ ಹಿಡಿಯಲಿ. ನೀರು ಚೆಲ್ಲಿದ ಮೇಲೆ ನಲ್ಲಿಯನ್ನು ಪೂರ್ತಿ ನಿಲ್ಲಿಸಲು ಹೇಳಿ, ಮಟ್ಟ ಇಳಿಯತೊಡಗುವುದನ್ನು ನೋಡಲಿ. ಇದರ ಅರ್ಥವನ್ನು ಕೂಡಿಸದೆ ಕಳೆಯದೆ ಹೇಳಿ: ಇಂಗಾಲದ ಡೈಆಕ್ಸೈಡ್ ನಿವ್ವಳ ಶೂನ್ಯಕ್ಕೆ ಬಂದರೆ ಭೂಮಿಯ ಉಷ್ಣತೆ ಏರುವುದು ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ ಎಂಬುದು ಈಗಿನ ವಿಜ್ಞಾನದ ಅಂದಾಜು. ಅನಿಲ ಮೆಲ್ಲಗೆ ಇಳಿಯುತ್ತದೆ, ಸಮುದ್ರ ನುಂಗಿದ ಶಾಖ ಅದನ್ನು ಸರಿದೂಗಿಸುತ್ತದೆ, ಹಾಗಾಗಿ ಉಷ್ಣತೆ ಇಳಿಯುವುದಿಲ್ಲ, ಏರುವುದೂ ಇಲ್ಲ. ಸಮುದ್ರದ ಮಟ್ಟ ಮಾತ್ರ ಶತಮಾನಗಳವರೆಗೆ ಏರುತ್ತಲೇ ಇರುತ್ತದೆ. ಅವಳು ಇದನ್ನು ಕೇಳಿಸಿಕೊಂಡ ಮೇಲೆ, 2050ರಲ್ಲಿ ತನಗೆ ಎಷ್ಟು ವಯಸ್ಸಾಗಿರುತ್ತದೆ ಎಂದು ಲೆಕ್ಕ ಹಾಕಿಸಿ. ನಲವತ್ತರ ಆಸುಪಾಸು ಬರುತ್ತದೆ. ಆಗ ವಿದ್ಯುತ್ ಜಾಲ ನಡೆಸುವವರು, ಬೆಳೆ ತಳಿ ಮಾಡುವವರು, ಕಾನೂನು ಬರೆಯುವವರು, ಬಿಸಿಗಾಳಿಯಲ್ಲಿ ಆಸ್ಪತ್ರೆ ನೋಡಿಕೊಳ್ಳುವವರು ಯಾರಿರುತ್ತಾರೆ ಎಂದು ಕೇಳಿ, ಸುಮ್ಮನಿರಿ. ಓದಿ ಏನು ಉಪಯೋಗ ಎಂದು ಕೇಳಿದವಳು ಅವಳೇ, ಉತ್ತರವನ್ನೂ ಅವಳೇ ಬರೆಯಲಿ. ಏನು ಬರೆದಳೆಂದು ನನಗೊಂದು ಸಾಲು ಕಳಿಸಿ.